ಶುಗರ್ ಚೀಟಿಯಲ್ಲಿ ಹೃದಯದ ಸುದ್ದಿ: ಹಂತ ಹಂತವಾಗಿ ಓದಿಕೊಳ್ಳುವ ಬಗೆ

2025ರ ಜುಲೈ. ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಟಿವಿಯಲ್ಲಿ ಬೆಳಗಿಂದ ಸಂಜೆವರೆಗೂ ಓಡುತ್ತಿದ್ದವು. ಮೈಸೂರಿನ ಜಯದೇವ ಆಸ್ಪತ್ರೆಯ ಎದುರು ಬೆಳಗಾಗುವ ಮುಂಚೆಯೇ ಜನ ಸಾಲು ನಿಲ್ಲುತ್ತಿದ್ದರು. ನಾನು ಕೆಲಸ ಮಾಡುವ ತಾಲ್ಲೂಕು ಊರಿನ ಸಣ್ಣ ಲ್ಯಾಬಿಗೂ ಅದರ ಬಿಸಿ ತಟ್ಟಿತ್ತು. "ಒಂದು ಇಸಿಜಿ ತೆಗೆದುಬಿಡಿ, ಮನಸ್ಸಿಗೆ ಸಮಾಧಾನ" ಅಂತ ಬಂದವರಲ್ಲಿ ಅರವತ್ತರ ಆಸುಪಾಸಿನ ತೋಟದ ಯಜಮಾನರೊಬ್ಬರಿದ್ದರು. ಇಸಿಜಿ ನಾರ್ಮಲ್ ಬಂತು. ಅದನ್ನು ಮಡಚಿ ತಮ್ಮ ಪ್ಲಾಸ್ಟಿಕ್ ಕವರಿನೊಳಗೆ ಇಡುವಾಗ ಹಳೆಯ ಚೀಟಿಗಳು ಮೇಜಿನ ಮೇಲೆ ಜಾರಿಬಿದ್ದವು. ಊಟವಾದ ಮೇಲಿನ ಶುಗರ್ 268. ಹಿಂದಿನ ವರ್ಷ 241. ಅದಕ್ಕೂ ಹಿಂದೆ 215.

"ಅದು ಬಿಡಪ್ಪ, ಶುಗರಿಂದು. ಹಾರ್ಟಿಂದು ಚೆನ್ನಾಗೈತಲ್ಲ" ಅಂದರು.

ನಾನು ಡಾಕ್ಟರಲ್ಲ, ರಕ್ತ ತೆಗೆಯುವವನು. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಸುಮ್ಮನೆ ಮಲಗಿಸಿ ತೆಗೆದ ಇಸಿಜಿ ಆ ಹೊತ್ತಿನಲ್ಲಿ ಹೃದಯ ಹೇಗಿದೆ ಅನ್ನುವುದನ್ನಷ್ಟೇ ತೋರಿಸುತ್ತದೆ. ರಕ್ತನಾಳ ಒಳಗೊಳಗೇ ಸಾಕಷ್ಟು ಕಟ್ಟಿಕೊಂಡಿದ್ದರೂ ಅದು ನಾರ್ಮಲ್ ಬರಬಹುದು. ಮುಂದಿನ ಹತ್ತು ವರ್ಷದ ಸುಳಿವು ಇದ್ದದ್ದು ಅವರು "ಬಿಡಪ್ಪ" ಅಂದ ಆ ಮೂರು ಚೀಟಿಯಲ್ಲಿ. ಅಂಥ ಚೀಟಿಯನ್ನು ಹೃದಯದ ಚೀಟಿ ಅಂತಲೇ ಓದುವುದು ಹೇಗೆ ಅನ್ನುವುದನ್ನು ರಕ್ತ ಕೊಡುವಲ್ಲಿಂದಲೇ ಶುರುಮಾಡಿ ಹೇಳುತ್ತೇನೆ.

ಹಂತ 1: ರಕ್ತ ಸರಿಯಾಗಿ ಕೊಡಿ

ತಪ್ಪು ಅಂಕಿಯನ್ನು ಎಷ್ಟು ಚೆನ್ನಾಗಿ ಓದಿದರೂ ಏನು ಬಂತು? ಖಾಲಿ ಹೊಟ್ಟೆ ಅಂದರೆ ಕಡೇಪಕ್ಷ ಎಂಟು ಗಂಟೆ ನೀರು ಬಿಟ್ಟು ಬೇರೇನೂ ಇಲ್ಲ. "ಬರೀ ಕಾಫಿ ಕಣಪ್ಪ, ಏನೂ ತಿಂದಿಲ್ಲ" ಅನ್ನುವವರು ನಮ್ಮಲ್ಲಿ ದಿನಕ್ಕೆ ಒಬ್ಬರಾದರೂ ಸಿಗುತ್ತಾರೆ. ಆ ಕಾಫಿಯಲ್ಲಿ ಹಾಲೂ ಇದೆ, ಎರಡು ಚಮಚ ಸಕ್ಕರೆಯೂ ಇದೆ. ಹಾಗೆ ಬಂದರೆ ನಾನು ವಾಪಸ್ ಕಳಿಸುತ್ತೇನೆ, ಬೈಸಿಕೊಳ್ಳುತ್ತೇನೆ. ಖಾಲಿ ಹೊಟ್ಟೆಯ ರಕ್ತ ಕೊಡುವ ತನಕ ಶುಗರ್ ಮಾತ್ರೆಯಾಗಲಿ ಇನ್ಸುಲಿನ್ ಆಗಲಿ ಬೇಡ. ಕೊಟ್ಟ ಮೇಲೆ ತಿಂಡಿಯ ಜೊತೆ ಮಾಮೂಲಿನಂತೆ ತೆಗೆದುಕೊಳ್ಳಿ.

ಎರಡನೇ ರಕ್ತದ ವಿಷಯದಲ್ಲಿ ಗೊಂದಲ ಇನ್ನೂ ಜಾಸ್ತಿ. ಎರಡು ಗಂಟೆಯನ್ನು ಎಣಿಸಬೇಕಾದ್ದು ಮೊದಲ ತುತ್ತಿನಿಂದ. ತಿಂದು, ಕೈ ತೊಳೆದು, ಹರಟೆ ಹೊಡೆದು, ಆಮೇಲೆ ಎಣಿಸಿದರೆ ಅಂಕಿ ಇಳಿದಿರುತ್ತದೆ. ತಿಂಡಿಯೂ ನಿಮ್ಮ ದಿನದ ತಿಂಡಿಯೇ ಆಗಿರಲಿ. ಟೆಸ್ಟಿನ ದಿನ ಎರಡೇ ಎರಡು ಇಡ್ಲಿ ತಿಂದು, ಮಾರನೇ ದಿನ ಮಸಾಲೆ ದೋಸೆಗೆ ಮರಳುವವರು ಮೋಸ ಮಾಡುತ್ತಿರುವುದು ಯಾರಿಗೆ? ಮೂರು ದಿನ ಮುಂಚೆಯಿಂದ ಅನ್ನ ಬಿಟ್ಟು ವ್ರತ ಹಿಡಿಯುವವರಿಗೂ ಇದೇ ಪ್ರಶ್ನೆ.

ಇನ್ನೊಂದು ಒಳಗಿನ ವಿಷಯ. ಶುಗರಿಗೆ ತೆಗೆದ ರಕ್ತವನ್ನು ಬೂದು ಮುಚ್ಚಳದ ಟ್ಯೂಬಿಗೆ ಹಾಕುತ್ತೇವೆ, ಅದರಲ್ಲಿ ಫ್ಲೋರೈಡ್ ಇರುತ್ತದೆ. ಅದಿಲ್ಲದಿದ್ದರೆ ಟ್ಯೂಬಿನೊಳಗೂ ರಕ್ತಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ. ಗಂಟೆಗೆ ಶೇ 5ರಿಂದ 7ರಷ್ಟು ಕರಗಿಹೋಗುತ್ತದೆ, ಸೆಕೆಗೆ ಇನ್ನೂ ಬೇಗ. ಮನೆಗೆ ಬಂದು ರಕ್ತ ತೆಗೆದುಕೊಂಡು ದೂರದ ಊರಿಗೆ ಒಯ್ಯುವವರಿದ್ದರೆ "ಬೂದು ಟ್ಯೂಬಾ?" ಅಂತ ಒಂದು ಮಾತು ಕೇಳಿ. ಜ್ವರವಿದ್ದರೆ, ಮಂಡಿನೋವಿಗೋ ಉಬ್ಬಸಕ್ಕೋ ಸ್ಟೀರಾಯ್ಡ್ ತೆಗೆದುಕೊಂಡಿದ್ದರೆ ಅದನ್ನೂ ಹೇಳಿ. ಆಗಿನ ಏರಿಕೆಯ ಅರ್ಥವೇ ಬೇರೆ.

ಹಂತ 2: ಮೂರು ಅಂಕಿಗಳನ್ನು ಒಟ್ಟಿಗೆ ಓದಿ

ಎಲ್ಲವೂ ಒಂದು ಡೆಸಿಲೀಟರ್ ರಕ್ತದಲ್ಲಿರುವ ಮಿಲಿಗ್ರಾಂ ಲೆಕ್ಕ.

ಖಾಲಿ ಹೊಟ್ಟೆ: 100ಕ್ಕಿಂತ ಕೆಳಗೆ ಸರಿ. 100ರಿಂದ 125 ಗಡಿ ಹಂತ. 126 ಮತ್ತು ಮೇಲೆ ಸಕ್ಕರೆ ಕಾಯಿಲೆ.
75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಗೆ: 140ಕ್ಕಿಂತ ಕೆಳಗೆ ಸರಿ. 140ರಿಂದ 199 ಗಡಿ. 200 ಮತ್ತು ಮೇಲೆ ಕಾಯಿಲೆ.
ಎಚ್‌ಬಿಎ1ಸಿ (ಚಿಕ್ಕದಾಗಿ ಎ1ಸಿ, ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ): ಶೇ 5.7ಕ್ಕಿಂತ ಕೆಳಗೆ ಸರಿ. 5.7ರಿಂದ 6.4 ಗಡಿ. 6.5 ಮತ್ತು ಮೇಲೆ ಕಾಯಿಲೆ.

ತೊಂದರೆಯ ಲಕ್ಷಣವಿಲ್ಲದವರಲ್ಲಿ ಒಂದೇ ಒಂದು ಅಂಕಿ ಹಿಡಿದು ಕಾಯಿಲೆ ಅಂತ ತೀರ್ಮಾನ ಮಾಡುವುದಿಲ್ಲ, ಇನ್ನೊಂದು ಪರೀಕ್ಷೆಯಲ್ಲೂ ಅದು ಕಾಣಬೇಕು. ಕೆಲವು ಚೀಟಿಗಳಲ್ಲಿ ಖಾಲಿ ಹೊಟ್ಟೆಗೆ 110ರ ತನಕ ನಾರ್ಮಲ್ ಅಂತ ಅಚ್ಚಾಗಿರುವುದನ್ನು ನೋಡಿರುತ್ತೀರಿ. ಅದು ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗೆರೆ, 100 ಅಮೆರಿಕದ ಡಯಾಬಿಟಿಸ್ ಸಂಘದ್ದು. ನಿಮ್ಮದು 107 ಬಂದು, ಪಕ್ಕದಲ್ಲಿ ದಪ್ಪ ಅಕ್ಷರವಿಲ್ಲ ಅಂತ ಕವರಿಗೆ ಸೇರಿಸಿಬಿಡಬೇಡಿ.

ಎಚ್‌ಬಿಎ1ಸಿ ನನಗೆ ಇಷ್ಟದ ಪರೀಕ್ಷೆ. ಕಾವಲಿಯ ಮೇಲೆ ದೋಸೆ ಕೆಂಪಗಾಗುತ್ತದಲ್ಲ, ಸಕ್ಕರೆ ಮತ್ತು ಪ್ರೋಟೀನ್ ಬಿಸಿಗೆ ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಬರುವ ಬಣ್ಣ ಅದು. ಅದೇ ಬಗೆಯ ಅಂಟು, ಬೆಂಕಿಯಿಲ್ಲದೆ, ಬಹಳ ನಿಧಾನವಾಗಿ ನಮ್ಮ ರಕ್ತದ ಹಿಮೋಗ್ಲೋಬಿನ್ ಮೇಲೂ ಆಗುತ್ತದೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಆದ್ದರಿಂದ ಎಷ್ಟು ಹಿಮೋಗ್ಲೋಬಿನ್ನಿಗೆ ಸಕ್ಕರೆ ಅಂಟಿದೆ ಅಂತ ಅಳೆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. ಮೂರು ದಿನದ ವ್ರತ ಇಲ್ಲಿ ನಡೆಯುವುದಿಲ್ಲ.

ಲೆಕ್ಕ ಮಾಡುವ ಚಟವಿದ್ದರೆ ಸೂತ್ರ ಇದು: ಎ1ಸಿಯನ್ನು 28.7ರಿಂದ ಗುಣಿಸಿ, 46.7 ಕಳೆಯಿರಿ. 7 ಬಂದರೆ ಸರಾಸರಿ ಸಕ್ಕರೆ 154, 8 ಬಂದರೆ 183, 9 ಬಂದರೆ 212. ಈಗ ಒಂದು ಚೀಟಿ ನೋಡೋಣ. ಖಾಲಿ ಹೊಟ್ಟೆ 118, ಎ1ಸಿ 7.8. ಸೂತ್ರದ ಪ್ರಕಾರ ಸರಾಸರಿ 177. ಬೆಳಿಗ್ಗೆ 118 ಇರುವವರ ಸರಾಸರಿ 177ಕ್ಕೆ ಹೋಗಬೇಕಾದರೆ ಊಟ ತಿಂಡಿಯ ನಂತರ ಸಕ್ಕರೆ ಗೋಪುರದಂತೆ ಏಳುತ್ತಿದೆ ಅಂತಲೇ ಅರ್ಥ. ಬರೀ ಖಾಲಿ ಹೊಟ್ಟೆಯ ಟೆಸ್ಟು ಮಾಡಿಸಿಕೊಂಡು ಹೋಗುತ್ತಿದ್ದರೆ ಇವರು ವರ್ಷಗಟ್ಟಲೆ "ಸ್ವಲ್ಪ ಬಾರ್ಡರ್" ಅಂತಲೇ ಇರುತ್ತಿದ್ದರು.

ಎ1ಸಿಗೂ ಒಂದು ಕಣ್ಣು ಮಂಜು. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಈಚೆಗೆ ರಕ್ತ ಹೋಗಿದ್ದರೆ, ರಕ್ತ ಏರಿಸಿದ್ದರೆ, ಕಣಗಳು ಬೇಗ ಒಡೆಯುವ ಕಾಯಿಲೆ ಇದ್ದರೆ ಕಡಿಮೆ ತೋರಿಸುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ಹಿಮೋಗ್ಲೋಬಿನ್ 8, 9 ಇರುವುದು ಅಪರೂಪವೇನಲ್ಲ. ಅಂಥವರ ಎ1ಸಿಯನ್ನು ಹಿಮೋಗ್ಲೋಬಿನ್ ಪಕ್ಕದಲ್ಲಿಟ್ಟೇ ಓದಬೇಕು.

ಹಂತ 3: ಸಕ್ಕರೆ ರಕ್ತನಾಳದಲ್ಲಿ ಮಾಡುವ ಕೆಲಸ ತಿಳಿಯಿರಿ

ಇದನ್ನು ತಿಳಿಯದೆ ಮುಂದಿನದನ್ನು ಮಾಡಲು ಮನಸ್ಸು ಬರುವುದಿಲ್ಲ, ಹಾಗಾಗಿ ಸ್ವಲ್ಪ ಹೊತ್ತು ಕೂರೋಣ.

ರಕ್ತನಾಳದ ಒಳಗೋಡೆಗೆ ಒಂದೇ ಒಂದು ಸಾಲು ಕಣಗಳ ತೆಳು ಪದರವಿದೆ. ನಾಳವನ್ನು ಸಡಿಲವಾಗಿ, ನುಣುಪಾಗಿ ಇಡುವ ನೈಟ್ರಿಕ್ ಆಕ್ಸೈಡ್ ಅಲ್ಲೇ ತಯಾರಾಗುತ್ತದೆ. ಸಕ್ಕರೆ ಪದೇ ಪದೇ ಏರಿದರೆ ಆ ತಯಾರಿಕೆ ಕುಂದುತ್ತದೆ, ನಾಳ ಬಿಗಿಯುತ್ತದೆ, ಪದರ ಗಾಸಿಗೊಳ್ಳುತ್ತದೆ. ಕೆಟ್ಟ ಕೊಲೆಸ್ಟರಾಲ್ ಅನ್ನುತ್ತೇವಲ್ಲ, ಆ ಎಲ್‌ಡಿಎಲ್ ಅಲ್ಲಿ ಒಳನುಸುಳುತ್ತದೆ. ಎಲ್‌ಡಿಎಲ್‌ಗೂ ಸಕ್ಕರೆ ಅಂಟುತ್ತದೆ, ಅಂಟಿದ ಮೇಲೆ ಅದು ಇನ್ನೂ ಸುಲಭವಾಗಿ ಕೆಡುತ್ತದೆ. ಕೆಟ್ಟದ್ದನ್ನು ನುಂಗಲು ಬಿಳಿ ಕಣಗಳು ಬರುತ್ತವೆ, ನುಂಗಿ ಅಲ್ಲೇ ಉಬ್ಬಿ ಕೂರುತ್ತವೆ. ವರ್ಷಗಳು ಉರುಳಿದಂತೆ ಅದೇ ಕೊಬ್ಬಿನ ಗಂಟು. ಒಂದು ದಿನ ಆ ಗಂಟಿನ ಮೇಲ್ಪದರ ಹರಿದರೆ ರಕ್ತ ಅದನ್ನು ಗಾಯವೆಂದು ತಿಳಿದು ಹೆಪ್ಪು ಕಟ್ಟುತ್ತದೆ. ಸಕ್ಕರೆ ಕಾಯಿಲೆಯವರ ರಕ್ತದ ಪ್ಲೇಟ್‌ಲೆಟ್‌ಗಳು ಮೊದಲೇ ಅಂಟು ಸ್ವಭಾವದವು. ನಾಳ ಮುಚ್ಚಿಹೋಯಿತು ಅಂದರೆ ಅದೇ ಹೃದಯಾಘಾತ.

ಟೈಪ್ 2 ಕಾಯಿಲೆ ಒಂಟಿಯಾಗಿ ಬರುವುದೂ ಕಡಿಮೆ. ಹೊಟ್ಟೆಯೊಳಗಿನ ಕೊಬ್ಬು, ಇನ್ಸುಲಿನ್ ಮಾತು ಕೇಳದ ಮೈ, ಏರಿದ ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬು, ಇಳಿದ ಎಚ್‌ಡಿಎಲ್ ಅನ್ನುವ ಒಳ್ಳೆ ಕೊಲೆಸ್ಟರಾಲ್, ಏರಿದ ಬಿಪಿ, ಇವೆಲ್ಲ ಒಂದೇ ಬಸ್ಸಿನಲ್ಲಿ ಬರುವ ನೆಂಟರು. ಇದರ ಮೇಲೆ ಹೃದಯದ ಸ್ನಾಯುವೇ ಬಿರುಸಾಗಿ, ನಾಳದಲ್ಲಿ ದೊಡ್ಡ ಅಡಚಣೆಯಿಲ್ಲದಿದ್ದರೂ ಹೃದಯ ಸೋಲುವುದುಂಟು. ಮೆಟ್ಟಿಲು ಹತ್ತುವಾಗ ಏದುಸಿರು, ಸಂಜೆ ಹೊತ್ತಿಗೆ ಕಾಲು ಊತ ಇದ್ದರೆ "ವಯಸ್ಸಾಯ್ತು" ಅಂತ ಬಿಡದೆ ಡಾಕ್ಟರಿಗೆ ಹೇಳಬೇಕಾದ್ದು ಇದಕ್ಕೇ.

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1948ರಲ್ಲಿ ಶುರುವಾದ ಅಧ್ಯಯನ ಸಕ್ಕರೆ ಕಾಯಿಲೆಗೂ ಹೃದಯಕ್ಕೂ ಇರುವ ನಂಟನ್ನು 1970ರ ದಶಕದಲ್ಲೇ ತೋರಿಸಿತ್ತು. 1998ರಲ್ಲಿ ಫಿನ್‌ಲೆಂಡಿನಿಂದ ಬಂದ ಅಧ್ಯಯನ ಇನ್ನೂ ಖಾರವಾಗಿತ್ತು. ಒಮ್ಮೆಯೂ ಹೃದಯಾಘಾತವಾಗದ ಸಕ್ಕರೆ ಕಾಯಿಲೆಯವರಿಗೆ, ಸಕ್ಕರೆ ಕಾಯಿಲೆಯಿಲ್ಲದೆ ಒಮ್ಮೆ ಹೃದಯಾಘಾತವಾದವರಷ್ಟೇ ಅಪಾಯ ಅಂತ ಅದು ಕಂಡುಕೊಂಡಿತು. ಎಲ್ಲ ಸಕ್ಕರೆ ಕಾಯಿಲೆಯವರಿಗೂ ಇದು ಹಾಗೇ ಅನ್ವಯಿಸುವುದಿಲ್ಲ ಅಂತ ಆಮೇಲಿನ ಅಧ್ಯಯನಗಳು ತಿದ್ದಿದವು. ಆದರೂ ಡಾಕ್ಟರುಗಳು ಶುಗರ್ ಪೇಷಂಟಿನ ಹೃದಯವನ್ನು ನೋಡುವ ಕ್ರಮ ಅಲ್ಲಿಂದ ಬದಲಾಯಿತು. ಗಡಿ ಹಂತದಲ್ಲೂ ಅಪಾಯ ಸ್ವಲ್ಪ ಸ್ವಲ್ಪವೇ ಏರುತ್ತಾ ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ದೊಡ್ಡ ಸಮೀಕ್ಷೆ 2023ರಲ್ಲಿ ಕೊಟ್ಟ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ, ಗಡಿಯಲ್ಲಿರುವವರು 13.6 ಕೋಟಿ. ಈ ಎರಡನೇ ಗುಂಪಿನ ಹೆಚ್ಚಿನವರ ಕೈಯಲ್ಲಿ ಚೀಟಿಯೇ ಇಲ್ಲ.

ಬಸುರಿಯಾಗಿದ್ದಾಗ ಸಕ್ಕರೆ ಬಂದು ಹೆರಿಗೆಯಾದ ಮೇಲೆ ಹೋದ ಹೆಣ್ಣುಮಕ್ಕಳೂ ಈ ಗುಂಪಿನ ಹತ್ತಿರದವರೇ. ಒಂದರಿಂದ ಮೂರು ವರ್ಷಕ್ಕೊಮ್ಮೆ ನೋಡಿಸಿಕೊಳ್ಳುತ್ತಿರಬೇಕು. ನಮ್ಮಲ್ಲಿ ಆ ಚೀಟಿ ಬಾಣಂತನದ ಜೊತೆಗೇ ಮರೆತುಹೋಗುತ್ತದೆ.

ಹಂತ 4: ಶುಗರ್ ಚೀಟಿಯ ಪಕ್ಕದಲ್ಲಿ ಇನ್ನೂ ನಾಲ್ಕು ಅಂಕಿ ಇಡಿ

ಬಿಪಿ. ಸಕ್ಕರೆ ಕಾಯಿಲೆಯವರಿಗೆ ಸಾಮಾನ್ಯ ಗುರಿ 130/80ಕ್ಕಿಂತ ಕೆಳಗೆ. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಒರಗಿ, ಮಾತಾಡದೆ ನೋಡಿಸಿಕೊಂಡದ್ದು ಮಾತ್ರ ಲೆಕ್ಕಕ್ಕೆ. ಬಸ್ ಇಳಿದು ಓಡಿಬಂದು ನೋಡಿಸಿದ್ದು ಬಸ್ಸಿನ ಬಿಪಿ.

ಎಲ್‌ಡಿಎಲ್. ಚೀಟಿಯಲ್ಲಿ ನಾರ್ಮಲ್ ಅಂತ ಅಚ್ಚಾಗಿರುವ ಅಂಕಿ ಸಕ್ಕರೆ ಕಾಯಿಲೆ ಇಲ್ಲದವರದ್ದು. ಸಕ್ಕರೆ ಕಾಯಿಲೆಯಿದ್ದು 40 ದಾಟಿದವರಿಗೆ ಈಗಿನ ಗುರಿ 70ಕ್ಕಿಂತ ಕೆಳಗೆ. ಹೃದಯದ ತೊಂದರೆ ಆಗಲೇ ಆಗಿದ್ದರೆ 55ಕ್ಕಿಂತ ಕೆಳಗೆ. "112 ಐತೆ, ನಾರ್ಮಲ್ ಅಂತ ಬರೆದವ್ರೆ" ಅಂತ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನಿಲ್ಲಿಸಿದವರನ್ನು ನೋಡಿದ್ದೇನೆ. 40ರಿಂದ 75 ವಯಸ್ಸಿನ ಸಕ್ಕರೆ ಕಾಯಿಲೆಯವರಿಗೆ ಕೊಲೆಸ್ಟರಾಲ್ ಹೆಚ್ಚಿಲ್ಲದಿದ್ದರೂ ಆ ಮಾತ್ರೆ ಕೊಡುವುದು ರೂಢಿ. ಅದು ಹೃದಯದ ಕಾವಲಿಗೆ.

ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ, ಅಂದರೆ ಮೂತ್ರದಲ್ಲಿ ಸೋರಿಹೋಗುವ ಪ್ರೋಟೀನಿನ ಅಳತೆ. ಬೆಳಗಿನ ಒಂದು ಸಣ್ಣ ಡಬ್ಬಿ ಮೂತ್ರ ಸಾಕು. 30 ದಾಟಿದರೆ ಮೂತ್ರಪಿಂಡದ ಸಣ್ಣ ನಾಳಗಳು ಸೋರುತ್ತಿವೆ, ಹೃದಯದ ಅಪಾಯವೂ ಜಾಸ್ತಿ. ಎಲ್ಲಕ್ಕಿಂತ ಕಡಿಮೆ ಜನ ಮಾಡಿಸುವ ಪರೀಕ್ಷೆ ಇದೇ. ಡಾಕ್ಟರು ಬರೆದರೂ "ಅದೊಂದು ಬೇಡ ಬಿಡಿ" ಅಂತ ಕೌಂಟರಿನಲ್ಲಿ ಹೊಡೆದುಹಾಕಿಸುತ್ತಾರೆ.

ಸೊಂಟ. ಟೈಲರ್ ಟೇಪು ಸಾಕು. ಹೊಕ್ಕುಳಿನ ಮಟ್ಟದಲ್ಲಿ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆಯದೆ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80ರ ಒಳಗಿರಬೇಕು. ಪ್ಯಾಂಟಿನ ಅಳತೆ ಹೇಳಬೇಡಿ, ಅದನ್ನು ಹೊಟ್ಟೆಯ ಕೆಳಗೆ ಹಾಕಿಕೊಂಡಿರುತ್ತೀರಿ.

ಇಷ್ಟೆಲ್ಲ ಯಾಕೆ, ಸಕ್ಕರೆಯೊಂದನ್ನೇ ಗಟ್ಟಿಯಾಗಿ ಹಿಡಿದರೆ ಸಾಲದೇ ಅಂದರೆ, ಅದನ್ನು ಅಮೆರಿಕ, ಕೆನಡಾದಲ್ಲಿ ಹತ್ತು ಸಾವಿರ ಜನರ ಮೇಲೆ ಪರೀಕ್ಷಿಸಿದ್ದಾರೆ. ಅಕಾರ್ಡ್ ಅಂತ ಅದರ ಹೆಸರು. ಹೃದಯದ ಅಪಾಯ ಹೆಚ್ಚಿದ್ದವರಲ್ಲಿ ಎ1ಸಿಯನ್ನು 6ಕ್ಕಿಂತ ಕೆಳಗಿಳಿಸಲು ಮಾತ್ರೆ, ಇನ್ಸುಲಿನ್ ಏರಿಸಿದರು. ಆ ಗುಂಪಿನಲ್ಲೇ ಸಾವು ಹೆಚ್ಚಾಗಿ 2008ರಲ್ಲಿ ಆ ಭಾಗವನ್ನು ನಿಲ್ಲಿಸಬೇಕಾಯಿತು. ಇನ್ನೊಂದು ಕಡೆ ಡೆನ್ಮಾರ್ಕಿನ ಸ್ಟೆನೋ ಕೇಂದ್ರದಲ್ಲಿ 160 ಜನರ ಪುಟ್ಟ ಅಧ್ಯಯನ. ಅರ್ಧ ಜನರಿಗೆ ಸಕ್ಕರೆ, ಬಿಪಿ, ಕೊಲೆಸ್ಟರಾಲ್, ಊಟ, ನಡಿಗೆ ಎಲ್ಲವನ್ನೂ ಒಟ್ಟಿಗೆ ಹಿಡಿದರು. 2003ರಲ್ಲಿ ಬಂದ ಫಲಿತಾಂಶದಲ್ಲಿ ಅವರ ಹೃದಯ-ರಕ್ತನಾಳದ ತೊಂದರೆಗಳು ಉಳಿದರ್ಧಕ್ಕೆ ಹೋಲಿಸಿದರೆ ಸುಮಾರು ಅರ್ಧಕ್ಕೆ ಇಳಿದಿದ್ದವು. ಹಾಗಂತ ಸಕ್ಕರೆ ಹಿಡಿಯುವುದು ದಂಡವಲ್ಲ. ಕಾಯಿಲೆ ಗೊತ್ತಾದ ಹೊಸದರಲ್ಲೇ ಹಿಡಿದವರಿಗೆ ವರ್ಷಗಳು ಕಳೆದ ಮೇಲೂ ಹೃದಯಾಘಾತ ಕಡಿಮೆ ಅಂತ ಬ್ರಿಟನ್ನಿನ ದೀರ್ಘ ಅಧ್ಯಯನ 2008ರಲ್ಲೇ ತೋರಿಸಿದೆ. ಬೇಗ ಶುರುಮಾಡಬೇಕು, ಮೃದುವಾಗಿ ಇಳಿಸಬೇಕು. ಬಹಳ ಜನರಿಗೆ ಎ1ಸಿ 7ರ ಒಳಗೆ ಗುರಿ. ವಯಸ್ಸಾದವರಿಗೆ, ಪದೇ ಪದೇ ಶುಗರ್ ಲೋ ಆಗುವವರಿಗೆ ಡಾಕ್ಟರೇ 8ರ ತನಕ ಬಿಡುತ್ತಾರೆ.

ಹಂತ 5: ಮನೆಯಲ್ಲಿ ಜೋಡಿ ಅಂಕಿ ಬರೆಯಿರಿ

ಗ್ಲೂಕೋಮೀಟರ್ ಬಹಳ ಮನೆಗಳಲ್ಲಿದೆ, ಬಳಸುವ ಕ್ರಮ ಮಾತ್ರ ಇಲ್ಲ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯದ್ದನ್ನೇ ನೋಡಿ ನೋಡಿ ಸ್ಟ್ರಿಪ್ ಖಾಲಿ ಮಾಡುತ್ತಾರೆ. ಅದರ ಬದಲು ಯಾವುದಾದರೂ ಒಂದು ಊಟದ ಮುಂಚೆ ಒಂದು, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಂದು, ಪಕ್ಕದಲ್ಲಿ ತಿಂದದ್ದು. ಇಷ್ಟನ್ನು ಬರೆಯಿರಿ.

ಕೈಯನ್ನು ಸೋಪಿನಲ್ಲಿ ತೊಳೆದು ಪೂರ್ತಿ ಒರೆಸಿಕೊಳ್ಳಿ. ಬಾಳೆಹಣ್ಣು ಸುಲಿದ ಕೈಯಲ್ಲೇ ಚುಚ್ಚಿಕೊಂಡು 300 ಬಂತೆಂದು ಗಾಬರಿಯಾಗಿ ಓಡಿಬಂದವರುಂಟು. ಬೆರಳ ತುದಿಯ ನಡುಭಾಗಕ್ಕೆ ಚುಚ್ಚದೆ ಪಕ್ಕಕ್ಕೆ ಚುಚ್ಚಿ, ನೋವು ಕಮ್ಮಿ. ಹಿಂಡಬೇಡಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ಕೂಡಲೇ ಹಾಕಿ, ಮೇಲಿನ ತಾರೀಕು ನೋಡಿ. ಲ್ಯಾಬಿನ 150ಕ್ಕೆ ನಿಮ್ಮ ಮೀಟರ್ 165 ತೋರಿಸಿದರೆ ಜಗಳ ಬೇಡ, ಅಂತರರಾಷ್ಟ್ರೀಯ ಮಾನದಂಡವೇ 100ರ ಮೇಲೆ ಶೇ 15ರಷ್ಟು ಆಚೀಚೆ ಒಪ್ಪುತ್ತದೆ.

ನನ್ನದೇ ಪುಸ್ತಕದ ಒಂದು ಪುಟ ಕೊಡುತ್ತೇನೆ. ಎರಡು ವರ್ಷದ ಹಿಂದೆ ಸುಮ್ಮನೆ ಒಂದು ಟ್ಯೂಬ್ ನನ್ನದೂ ಹಾಕಿದೆ. ಎ1ಸಿ 6.0. ದಿನಾ ಊರಿಗೆಲ್ಲ ಬುದ್ಧಿ ಹೇಳುವವನ ಮೋರೆ ಹೇಗಾಗಿರಬೇಕು! ಆ ವಾರ ತಿಂಡಿಯ ಜೋಡಿ ಅಂಕಿ ಬರೆದೆ. ನಾಲ್ಕು ಇಡ್ಲಿ, ಕಾಯಿ ಚಟ್ನಿ, ಸಕ್ಕರೆ ಕಾಫಿ: ಮುಂಚೆ 104, ಆಮೇಲೆ 171. ಮೂರು ಇಡ್ಲಿ, ತರಕಾರಿ ಸಾಂಬಾರು, ಸಪ್ಪೆ ಕಾಫಿ: 102ರಿಂದ 148. ಮತ್ತೆ ಅದೇ ನಾಲ್ಕು ಇಡ್ಲಿ, ಅದೇ ಸಕ್ಕರೆ ಕಾಫಿ, ತಿಂದ ಕೂಡಲೇ ಲ್ಯಾಬಿಗೆ ಹದಿನೈದು ನಿಮಿಷ ನಡಿಗೆ: 105ರಿಂದ 146. ಆರೋಗ್ಯಕ್ಕೆ ಒಳ್ಳೆಯದೆಂದು ಹೆಂಡತಿ ಮಾಡಿಕೊಟ್ಟ ಬೆಲ್ಲದ ರಾಗಿ ಗಂಜಿ, ದೊಡ್ಡ ಲೋಟ: 103ರಿಂದ 178. ಇದು ನನ್ನೊಬ್ಬನ ಮೈಯ ಲೆಕ್ಕ, ನಿಮ್ಮದು ಬೇರೆ ಬರುತ್ತದೆ. ಅದಕ್ಕೇ ಬರೆಯಿರಿ ಅಂದದ್ದು. ಅಂದಿನಿಂದ ಬೈಕು ಮನೆಯಲ್ಲೇ ಇದೆ.

ಸಕ್ಕರೆ ಕಾಯಿಲೆಯವರಿಗೆ ಸಾಮಾನ್ಯ ಗುರಿ ಊಟದ ಮುಂಚೆ 80ರಿಂದ 130, ಊಟದ ನಂತರ 180ರ ಒಳಗೆ.

ಹಂತ 6: ತಟ್ಟೆ ಸರಿಮಾಡಿ

ರಾಗಿ ಗಂಜಿಯ ಮಾತು ಬಂತಲ್ಲ, ಅಲ್ಲಿಂದಲೇ ಶುರುಮಾಡೋಣ. "ಶುಗರಿಗೆ ಮುದ್ದೆ ಒಳ್ಳೇದು" ಅನ್ನುವ ಮಾತು ಅರ್ಧ ನಿಜ. ನೂರು ಗ್ರಾಂ ರಾಗಿಯಲ್ಲಿ ಕಾರ್ಬೋಹೈಡ್ರೇಟ್ ಸುಮಾರು 67 ಗ್ರಾಂ, ಬಿಳಿ ಅಕ್ಕಿಯಲ್ಲಿ ಸುಮಾರು 78. ವ್ಯತ್ಯಾಸ ಅಷ್ಟೇ. ರಾಗಿಯ ದೊಡ್ಡ ಲಾಭ ನಾರು, ಸುಮಾರು 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಹಾಗಾಗಿ ಒಂದು ಮುದ್ದೆಯ ಜಾಗದಲ್ಲಿ ಎರಡು ಮುದ್ದೆ, ಅದರ ಮೇಲೆ ಅನ್ನ ತಿಂದರೆ ರಾಗಿ ಏನು ಮಾಡೀತು? ನುಣ್ಣಗೆ ಬೀಸಿ, ನೀರಾಗಿ ಕುದಿಸಿ ಕುಡಿದರಂತೂ ಸರ್ರನೆ ರಕ್ತಕ್ಕೆ ಸೇರುತ್ತದೆ. ಮುದ್ದೆಗೆ ಬಸ್ಸಾರು, ಸೊಪ್ಪು, ಹುರುಳಿಕಾಳು ಧಾರಾಳವಾಗಿ ಇದ್ದಾಗ ಚಿತ್ರ ಬದಲಾಗುತ್ತದೆ. ನಮ್ಮಜ್ಜಿಯ ಕಾಲದಲ್ಲಿ ಮುದ್ದೆ ತಿಂದವರು ಗದ್ದೆಗೆ ಹೋಗುತ್ತಿದ್ದರು, ನಾವು ಸೋಫಾಗೆ ಹೋಗುತ್ತೇವೆ. ಉತ್ತರ ಕರ್ನಾಟಕದವರ ಜೋಳದ ರೊಟ್ಟಿಗೂ ಇದೇ ಲೆಕ್ಕ. ರೊಟ್ಟಿ ಎರಡು, ಕಾಳುಪಲ್ಯ ಬಟ್ಟಲು ತುಂಬ.

ತಿನ್ನುವ ಸರದಿಯನ್ನೂ ಬದಲಿಸಿ ನೋಡಿ. ಮದುವೆಯೂಟದಲ್ಲಿ ಅನ್ನಕ್ಕಿಂತ ಮೊದಲೇ ಎಲೆಗೆ ಕೋಸಂಬರಿ, ಪಲ್ಯ ಬಡಿಸುತ್ತಾರೆ. ಅದನ್ನು ಪೂರ್ತಿ ತಿಂದು, ಬೇಳೆ ಕಾಳು ಮುಗಿಸಿ, ಕೊನೆಗೆ ಅನ್ನಕ್ಕೆ ಕೈಹಾಕಿದರೆ ಸಕ್ಕರೆ ಏರುವ ವೇಗ ಇಳಿಯುತ್ತದೆ.

ಬೆಲ್ಲ, ಜೇನು ಸಕ್ಕರೆಯ ಅಣ್ಣತಮ್ಮಂದಿರೇ. ಬೆಲ್ಲದ ಬಹುಪಾಲು ಸಕ್ಕರೆಯೇ. ಹಣ್ಣು ಕಚ್ಚಿ ತಿನ್ನಿ, ಜ್ಯೂಸ್ ಬೇಡ. ಹೃದಯದ ಲೆಕ್ಕಕ್ಕೆ ಉಪ್ಪು ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರ ಬಿಸ್ಕತ್ತು ಎಲ್ಲ ಸೇರಿ. ವನಸ್ಪತಿಯ ಪಫ್ಸು, ಒಂದೇ ಎಣ್ಣೆಯಲ್ಲಿ ಬೆಳಗಿಂದ ಕರಿದ ಬೋಂಡಾ ಎಲ್‌ಡಿಎಲ್ ಕಡೆಯವು. ಬೀಡಿ, ಸಿಗರೇಟು, ಕಡ್ಡಿಪುಡಿ, ಗುಟ್ಕಾ ಬಿಡದೆ ಉಳಿದದ್ದನ್ನೆಲ್ಲ ಮಾಡುವುದು ತೂತು ಬಿಂದಿಗೆಗೆ ನೀರು ತುಂಬಿದ ಹಾಗೆ. ವಾರಕ್ಕೆ 150 ನಿಮಿಷ ಚುರುಕು ನಡಿಗೆ, ಅದರಲ್ಲಿ ಒಂದು ಪಾಲು ಊಟ ಆದ ಕೂಡಲೇ.

ಹಂತ 7: ಡಾಕ್ಟರ ಹತ್ತಿರ ಈ ಪ್ರಶ್ನೆ ಕೇಳಿ

ಹೃದಯದ ತೊಂದರೆ ಇದೆ ಅಥವಾ ಅಪಾಯ ಹೆಚ್ಚಿದೆ ಅಂದರೆ "ಹೃದಯಕ್ಕೂ ಅನುಕೂಲವಾಗುವ ಶುಗರ್ ಮಾತ್ರೆ ನನಗೆ ಆಗುತ್ತದಾ ಸರ್?" ಅಂತ ಕೇಳಿ. 2015ರಲ್ಲಿ ಎಂಪಾಗ್ಲಿಫ್ಲೋಜಿನ್ ಮಾತ್ರೆಯ ಅಧ್ಯಯನ ಬಂದಾಗ, ಮೊದಲೇ ಹೃದಯ-ರಕ್ತನಾಳದ ಕಾಯಿಲೆಯಿದ್ದ ಟೈಪ್ 2ರವರಲ್ಲಿ ಹೃದಯದಿಂದಾಗುವ ಸಾವು ಶೇ 38ರಷ್ಟು ಕಡಿಮೆಯಾಗಿತ್ತು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಈ ಗುಂಪಿನಲ್ಲಿ ಡಾಪಾಗ್ಲಿಫ್ಲೋಜಿನ್ ಕೂಡ ಇದೆ. 2025ರ ಮಾರ್ಚಿನಲ್ಲಿ ಎಂಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿದ ಮೇಲೆ ಬೆಲೆ ಬಹಳ ಇಳಿದಿದೆ. ವಾಂತಿ ಭೇದಿಯಾದಾಗ, ಉಪವಾಸವಿದ್ದಾಗ, ಆಪರೇಷನ್ ಮುಂಚೆ ಇದನ್ನು ನಿಲ್ಲಿಸಬೇಕಾಗಬಹುದು, ಗುಪ್ತಾಂಗದ ತುರಿಕೆ ಬರಬಹುದು. ಅದನ್ನೂ ಮೊದಲೇ ಕೇಳಿಟ್ಟುಕೊಳ್ಳಿ. ಲಿರಾಗ್ಲುಟೈಡ್, ಸೆಮಾಗ್ಲುಟೈಡ್ ಚುಚ್ಚುಮದ್ದುಗಳಿಗೂ ಹೃದಯದ ಲಾಭ ಉಂಟು. ಹೃದಯ ಸೋತಿರುವವರಿಗೆ ಪಯೋಗ್ಲಿಟಜೋನ್ ಸಲ್ಲದು. ಹಳೆಯ ಚೀಟಿಯಲ್ಲಿ ಅದಿದ್ದರೆ ತೋರಿಸಿ. ಹೀಗೆ ಹೇಳಿದೆನೆಂದು ಮೆಡಿಕಲ್ ಸ್ಟೋರಿಗೆ ನೇರ ಹೋಗಿ ಕೇಳಬೇಡಿ, ನಡೆಯುತ್ತಿರುವ ಮಾತ್ರೆ ನಿಲ್ಲಿಸಲೂ ಬೇಡಿ.

ಲೋ ಶುಗರ್ ಕೂಡ ಹೃದಯಕ್ಕೆ ಏಟು, ಬಡಿತದ ಲಯ ತಪ್ಪಿಸಬಲ್ಲದು. 70ಕ್ಕಿಂತ ಇಳಿದು ನಡುಕ, ಬೆವರು ಬಂದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಹಂತ 8: ನೋವಿಲ್ಲದ ಹೃದಯಾಘಾತವನ್ನು ಗುರುತಿಸಿ

ನಮ್ಮ ದೊಡ್ಡಮ್ಮನಿಗೆ ಹದಿನಾಲ್ಕು ವರ್ಷದ ಸಕ್ಕರೆ ಕಾಯಿಲೆ. ಒಂದು ಸಂಜೆ ಹೂ ಕಟ್ಟುತ್ತಾ ಕೂತವರು "ಯಾಕೋ ಸುಸ್ತು ಕಣೋ, ಉಸಿರು ಹಿಡಿದ ಹಂಗಾಯ್ತದೆ" ಅಂದರಂತೆ. ಸೆರಗೆಲ್ಲ ಬೆವರಿನಲ್ಲಿ ಒದ್ದೆ. ಎದೆನೋವು ಇಲ್ಲವೇ ಇಲ್ಲ. ಗ್ಯಾಸ್ಟ್ರಿಕ್ ಅಂತ ಮನೆಯವರು ನಿಂಬೆಹಣ್ಣಿನ ಸೋಡಾ ಕುಡಿಸಿದರು. ಮಾರನೇ ದಿನ ಮಧ್ಯಾಹ್ನ ನನಗೆ ಫೋನು. ಇಸಿಜಿ ಪಟ್ಟಿ ಯಂತ್ರದಿಂದ ಹೊರಗೆ ಬರುವಾಗಲೇ ನನ್ನ ಕೈ ತಣ್ಣಗಾಯಿತು. ಆಘಾತ ಆಗಿ ಹದಿನೆಂಟು ಗಂಟೆ ಕಳೆದಿತ್ತು. ಹೃದಯದ ಒಂದು ಭಾಗ ಸೋತೇಹೋಗಿತ್ತು.

ವರ್ಷಗಟ್ಟಲೆ ಏರಿದ ಸಕ್ಕರೆ ನರಗಳನ್ನೂ ಕೆಡಿಸುತ್ತದೆ, ಅದರಲ್ಲಿ ಹೃದಯದ ನೋವನ್ನು ಸಾಗಿಸುವ ನರಗಳೂ ಸೇರಿವೆ. ಹಾಗಾಗಿ ಸಕ್ಕರೆ ಕಾಯಿಲೆಯವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ವಯಸ್ಸಾದವರಲ್ಲಿ ಹೃದಯಾಘಾತ ಬೇರೆ ವೇಷದಲ್ಲಿ ಬರುತ್ತದೆ: ಕಾರಣವಿಲ್ಲದ ಏದುಸಿರು, ತಣ್ಣನೆ ಬೆವರು, ವಾಕರಿಕೆ, ದವಡೆ ಬೆನ್ನು ಅಥವಾ ಹೊಟ್ಟೆಯ ಮೇಲ್ಭಾಗದಲ್ಲಿ ಭಾರ, ಎದ್ದು ನಿಲ್ಲಲಾಗದ ಸುಸ್ತು. ಬೆವರು ಬಂದರೆ ಮೊದಲು ಗ್ಲೂಕೋಮೀಟರ್ ಹಾಕಿ. ಸಕ್ಕರೆ ಕಡಿಮೆ ಇಲ್ಲವೆಂದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ತಾವೇ ಬೈಕು ಓಡಿಸಿಕೊಂಡು ಹೊರಡಲು ಬಿಡಬೇಡಿ.

ಎಲ್ಲಿಗೆ ಹೋಗಬೇಕು ಅನ್ನುವುದನ್ನು ಇವತ್ತೇ ಗೊತ್ತುಮಾಡಿಕೊಳ್ಳಿ. ರಾಜ್ಯದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಕೇಂದ್ರದ ತಜ್ಞರು ದೂರದಿಂದಲೇ ನೋಡುತ್ತಾರೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ನಿಮ್ಮ ಊರಿಗೆ ಹತ್ತಿರದ ಅಂಥ ಆಸ್ಪತ್ರೆ ಯಾವುದು, ರಾತ್ರಿ ಹನ್ನೊಂದಕ್ಕೆ ಅಲ್ಲಿ ಇಸಿಜಿ ತೆಗೆಯುತ್ತಾರಾ ಅಂತ ಒಮ್ಮೆ ಹೋಗಿ ಕೇಳಿ ಬನ್ನಿ. ಶುಗರ್ ಚೀಟಿ, ಮಾತ್ರೆಗಳ ಪಟ್ಟಿ, ಹಳೆಯ ಇಸಿಜಿ ಮೂರೂ ಒಂದೇ ಕವರಿನಲ್ಲಿ ಇರಲಿ. ಹಳೆಯ ಇಸಿಜಿ ಇದ್ದರೆ ಹೊಸದರಲ್ಲಿ ಏನು ಬದಲಾಗಿದೆ ಅಂತ ಡಾಕ್ಟರಿಗೆ ತಕ್ಷಣ ಕಾಣುತ್ತದೆ.

ಪರೀಕ್ಷೆಗಳ ಸರದಿ ಇಷ್ಟು: ಎ1ಸಿ ಹತೋಟಿಗೆ ಬರುವ ತನಕ ಮೂರು ತಿಂಗಳಿಗೊಮ್ಮೆ, ಬಂದ ಮೇಲೆ ಆರು ತಿಂಗಳಿಗೊಮ್ಮೆ. ಕೊಲೆಸ್ಟರಾಲ್, ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್, ಕಣ್ಣು, ಪಾದ ವರ್ಷಕ್ಕೊಮ್ಮೆ. ಬಿಪಿ ಪ್ರತಿ ಸಲ. ಸಕ್ಕರೆ ಇಲ್ಲದವರೂ 30 ದಾಟಿದ್ದರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಉಚಿತವಾಗಿ ನೋಡಿಸಿಕೊಳ್ಳಬಹುದು.

ದೊಡ್ಡಮ್ಮ ಈಗ ಮೂರು ತಿಂಗಳಿಗೊಮ್ಮೆ ನಮ್ಮ ಲ್ಯಾಬಿಗೆ ಬರುತ್ತಾರೆ. ಖಾಲಿ ಹೊಟ್ಟೆಯ ರಕ್ತ ಕೊಟ್ಟು, ಬೆಂಚಿನ ಮೇಲೆ ಕೂತು, ಸ್ಟೀಲ್ ಡಬ್ಬಿ ತೆಗೆದು, ಮೊದಲ ತುತ್ತು ಬಾಯಿಗಿಡುವ ಮುಂಚೆ ನನ್ನನ್ನು ಕರೆಯುತ್ತಾರೆ: "ಟೈಮ್ ಬರ್ಕೊಳ್ಳೋ."